ಮೊದಲ ಬುಟ್ಟಿ ಹೊರದ ಮಾವಶಿ

ಸಾಲಹಳ್ಳಿಯಲ್ಲಿ ನನ್ನ ಹೊಸ ಮನೆಯ ಸ್ಲ್ಯಾಬ್ ಇದೆ, ಊಟಕ್ಕೆ ಬರಬೇಕು, ಕೆಲಸ ಬಿಟ್ಟೆ. ಮಾವಶಿ ಫೋನಿನಲ್ಲಿ ಹೇಳಿದ್ದು ಇಷ್ಟೇ, ಅದೂ ಒಂದೇ ಉಸಿರಿನಲ್ಲಿ. ಕೊನೆಯ ಮಾತು ನನ್ನ ತಲೆಗೆ ಇಳಿದು, ಯಾಕೆ ಬಿಟ್ಟಿರಿ ಎಂದು ಕೇಳುವಷ್ಟರಲ್ಲಿ "ಕೆಲಸ ಮುಗೀಲಿ, ನಿಂತು ಹೇಳತೇನಿ" ಎಂದು ಫೋನ್ ಇಟ್ಟರು. ಅದು ಅವರ ಹಳೆಯ ಮಾತು. ಏನು ಕೇಳಿದರೂ ಅದೇ ಉತ್ತರ. ನಾನು ಬಲ್ಲಂತೆ ಅವರು ಎಂದೂ ನಿಂತದ್ದಿಲ್ಲ. ಹಾಗಾಗಿ ನನ್ನ ಬಹಳಷ್ಟು ಪ್ರಶ್ನೆಗಳು ಹಾಗೆಯೇ ಉಳಿದಿವೆ.

ಮಾವಶಿ ಎಂದರೆ ತಾಯಿಯ ತಂಗಿ. ಬೈಲಹೊಂಗಲದ ಕಡೆ ಸ್ವಲ್ಪ ವಯಸ್ಸಾದ, ಸ್ವಲ್ಪ ಗಟ್ಟಿ ಬಾಯಿಯ ಯಾವ ಹೆಂಗಸನ್ನಾದರೂ ಹಾಗೆ ಕರೆಯಬಹುದು. ಇವರು ಕಾಂಕ್ರೀಟ್ ಹೊರುವ ಹೆಣ್ಣುಮಕ್ಕಳ ಗುಂಪಿನ ಮುಂದಾಳು. ಕಿತ್ತೂರಿನಿಂದ ರಾಮದುರ್ಗದವರೆಗೆ ಎಷ್ಟೋ ಮನೆಗಳ ಮಾಳಿಗೆ ಇವರ ಗುಂಪಿನ ತಲೆಯ ಮೇಲಿಂದಲೇ ಮೇಲೆ ಹೋಗಿದೆ. ಹೆಸರು ಬರೆಯಬೇಡಿ ಎಂದು ಅವರೇ ಹೇಳಿದ್ದಾರೆ. ಹೆಸರು ಬರೆದರೆ ಜನ ಮನೆಗೆ ಬಂದು ಕಾಂಕ್ರೀಟ್ ಏರಿಸುವ ಮಿಷನ್ ಕೇಳುತ್ತಾರಂತೆ, ಕೆಲಸ ಬಿಟ್ಟವಳಿಗೆ ಆ ಉಪದ್ವ್ಯಾಪ ಯಾಕೆ ಎಂದು.

ಅವರನ್ನು ಮೊದಲು ನೋಡಿದ್ದು ಎಲ್ಲಿ ಎಂದು ಯೋಚಿಸಿದರೆ ಎರಡು ದೃಶ್ಯ ಬರುತ್ತವೆ. ಒಂದರಲ್ಲಿ ಬೈಲಹೊಂಗಲದ ಒಂದು ಸಂದಿ. ಬಿದಿರಿನ ಅಟ್ಟಣಿಗೆಯ ನಡುವೆ ಮಾವಶಿ ನಿಂತಿದ್ದಾರೆ. ಕೆಳಗಿನವಳಿಂದ ತುಂಬಿದ ಬುಟ್ಟಿ ತೆಗೆದುಕೊಂಡು ಮೇಲಿನವಳಿಗೆ ಕೊಡುತ್ತಾರೆ, ಖಾಲಿ ಬುಟ್ಟಿಯನ್ನು ನೋಡದೆಯೇ ಕೆಳಗೆ ಎಸೆಯುತ್ತಾರೆ, ಕೆಳಗಿನವಳೂ ನೋಡದೆಯೇ ಹಿಡಿಯುತ್ತಾಳೆ. ಇನ್ನೊಂದರಲ್ಲಿ ಕಿತ್ತೂರಿನ ಒಂದು ಮನೆ. ಗಾರೆ ಕೆಲಸದ ಗೌಂಡಿಗಳಿಗೆ ಸ್ಟೀಲಿನ ಲೋಟದಲ್ಲಿ, ಹೆಂಗಸರಿಗೆ ಕಾಗದದ ಕಪ್ಪಿನಲ್ಲಿ ಚಹಾ ಬಂದಿದೆ. ಮಾವಶಿ ಆ ಕಪ್ಪನ್ನು ಎತ್ತಿ ನೋಡಿ, ಇವರ ಮನೆಯಲ್ಲಿ ಪಾತ್ರೆ ತಿಕ್ಕುವವರಿಗೆ ಕಷ್ಟವಾಗಬಾರದೆಂದು ನಮಗೆ ಇದನ್ನು ಕೊಟ್ಟಿದ್ದಾರೆ, ಒಳ್ಳೆಯ ಮಂದಿ ಎನ್ನುತ್ತಿದ್ದಾರೆ, ಮನೆಯವರಿಗೆ ಕೇಳುವಂತೆ. ಎರಡರಲ್ಲೂ ಹಸಿರು ಸೀರೆ, ಅದರ ಮೇಲೆ ಗಂಡಸರ ಅಂಗಿ. ಅಷ್ಟು ಹೊಂದಿಕೆ ನನಗೆ ಅನುಮಾನ ತರುತ್ತದೆ. ಒಂದು ನೆನಪು ಇನ್ನೊಂದರಿಂದ ಸೀರೆಯನ್ನು ಕಡ ತಂದಿರಬೇಕು. ಯಾವುದು ಎಂದು ತಿಳಿಯದೆ ಎರಡನ್ನೂ ಇಟ್ಟುಕೊಂಡಿದ್ದೇನೆ.

ಆಗ ನಾನು ಡಿಪ್ಲೊಮಾ ಮುಗಿಸಿ ಈರಣ್ಣ ಎಂಬ ಗುತ್ತೇದಾರರ ಹತ್ತಿರ ಸೈಟು ನೋಡಿಕೊಳ್ಳುವ ಕೆಲಸಕ್ಕಿದ್ದೆ. ಹೊಸದೇನು ಬಂದರೂ ನಾಲ್ಕು ತಾಲೂಕಿನಲ್ಲಿ ಅದು ಮೊದಲು ತಮ್ಮ ಬಾಗಿಲಿಗೆ ಬರಬೇಕು ಎನ್ನುವುದು ಈರಣ್ಣನವರ ಹುಚ್ಚು. ಗೋಡೆಗೆ ಸಿಮೆಂಟಿನ ಗಿಲಾವು ಬಳಿಯುವ ಒಂದು ಯಂತ್ರವನ್ನು ಆಗಲೇ ತಂದು ಕೈಸುಟ್ಟುಕೊಂಡಿದ್ದರು. ಅದು ನೇರ ಗೋಡೆ ಕೇಳುತ್ತಿತ್ತು, ನಮ್ಮ ಗೋಡೆಗಳು ನೇರ ಇರುತ್ತಿರಲಿಲ್ಲ. ಯಂತ್ರ ಗೋದಾಮು ಸೇರಿತು. ಅದರ ಮೇಲೆ ಕೋಳಿಗಳು ಕೂರುತ್ತಿದ್ದವು. ಆಮೇಲೆ ಅವರ ಕಣ್ಣು ಕಾಂಕ್ರೀಟ್ ಪಂಪಿನ ಮೇಲೆ ಬಿತ್ತು. ಕೆಳಗೆ ಕಲಸಿದ ಕಾಂಕ್ರೀಟನ್ನು ಪೈಪಿನ ಮೂಲಕ ನೇರವಾಗಿ ಮಾಳಿಗೆಗೆ ದೂಡುವ ಯಂತ್ರ. ಅಟ್ಟಣಿಗೆ ಬೇಡ, ಬುಟ್ಟಿ ಬೇಡ, ಹೊರುವವರ ಸಾಲು ಬೇಡ.

ಹೊರುವವರ ಸಾಲು ಎಂದರೆ ಮಾವಶಿಯ ಗುಂಪು. ಪಂಪು ಬರುತ್ತದೆ ಎಂಬ ಸುದ್ದಿ ಪಂಪಿಗಿಂತ ಮೊದಲು ಅವರನ್ನು ಮುಟ್ಟಿತು. ಗುಂಪಿನ ಕೆಲವರು ಈರಣ್ಣನವರ ಮನೆಯ ಮುಂದೆ ಹೋಗಿ ಕೂರೋಣ ಎಂದರಂತೆ. ಮಾವಶಿ ಒಬ್ಬರೇ ಸೈಟಿಗೆ ಬಂದು ನನ್ನನ್ನು ವಿಚಾರಿಸಿದರು. ಯಂತ್ರ ಎಷ್ಟು ದೊಡ್ಡದು, ಸಂದಿಯಲ್ಲಿ ಹಿಡಿಯುತ್ತದೆಯೇ, ಸದ್ದು ಎಷ್ಟು, ಅದನ್ನು ನಡೆಸುವವರು ಯಾರು. ಯಂತ್ರದ ಜೊತೆಗೇ ಒಬ್ಬ ಆಪರೇಟರ್ ಬರುತ್ತಾನೆ, ಹೊರರಾಜ್ಯದವನು ಎಂದೆ. ಯಂತ್ರ ಬಂದರೆ ನಿಮಗೆ ಸಿಟ್ಟಿಲ್ಲವೇ ಎಂದೂ ಕೇಳಿದೆ.

"ನನ್ನ ಕುತ್ತಿಗಿ ಕೇಳ್ರಿ ಇಂಜಿನೇರ್ರ, ಮಿಷನ್ ಬ್ಯಾಡ ಅನ್ನೂದಿಲ್ಲ ಅದು" ಎಂದರು. "ಮಿಷನ್ ಬರಲಿ. ಅದನ್ನ ಹಿಡಿಯೂ ಕೈ ಯಾರದು? ಅಷ್ಟ ನನ್ನ ಕೇಳ್ವಿ."

ಈರಣ್ಣನವರಿಗೆ ಅದು ಪ್ರಶ್ನೆ ಎಂದೇ ಅನಿಸಿರಲಿಲ್ಲ.

ಪಂಪಿನ ಮೊದಲ ಸ್ಲ್ಯಾಬ್ ಹೇಗೆ ಕೆಟ್ಟಿತು ಎನ್ನುವುದಕ್ಕೆ ಮುಂಚೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಸ್ಲ್ಯಾಬ್ ಹಾಕುವ ದಿನವೆಂದರೆ ಮನೆಯವರಿಗೆ ಅರ್ಧ ಮದುವೆ. ಕಾಂಕ್ರೀಟಿನ ಮೊದಲ ಬುಟ್ಟಿಗೆ ಅರಿಷಿಣ ಕುಂಕುಮ ಹಚ್ಚುತ್ತಾರೆ. ಅದರೊಳಗೆ ಅರಿಷಿಣದ ಕೊಂಬು, ಅಡಿಕೆ, ತಾಮ್ರದ ನಾಣ್ಯ, ಒಡೆದ ಕಾಯಿಯ ಚೂರು ಇಡುತ್ತಾರೆ. ಬುಟ್ಟಿ ಹೊರುವ ಹೆಂಗಸಿಗೆ ಮನೆಯೊಡತಿ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಕೊಟ್ಟು ಉಡಿ ತುಂಬುತ್ತಾಳೆ. ಆ ಬುಟ್ಟಿ ಈಶಾನ್ಯದ ಮೂಲೆಯಲ್ಲಿ ಬಿದ್ದ ಮೇಲೆಯೇ ಉಳಿದ ಬುಟ್ಟಿಗಳು ಏರುವುದು.

ಹೊರುವವಳು ಮುತ್ತೈದೆಯಾಗಿರಬೇಕು. ಮಾವಶಿಯ ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದರು. ಆದ್ದರಿಂದ ಗುಂಪು ಅವರದಾದರೂ ಮೊದಲ ಬುಟ್ಟಿ ಅವರದಲ್ಲ. ಅದನ್ನು ತುಂಬುವುದು ಅವರೇ, ಅಂಚಿಗೆ ಅಂಟಿದ್ದನ್ನು ಕೈಯಿಂದ ಒರೆಸಿ ಚೊಕ್ಕ ಮಾಡುವುದೂ ಅವರೇ. ಆಮೇಲೆ ಶಾಂತವ್ವ ಎಂಬುವಳ ತಲೆಯ ಮೇಲೆ ಸಿಂಬಿ ಸರಿಮಾಡಿ, ಬುಟ್ಟಿ ಏರಿಸಿ, ಹಿಂದೆ ಸರಿದು ಕಾಂಕ್ರೀಟ್ ಕಲಸುವ ಮಿಕ್ಸರಿನ ಮರೆಗೆ ಹೋಗಿ ನಿಲ್ಲುತ್ತಿದ್ದರು. ಉಡಿ ತುಂಬುವಾಗ ಎಲ್ಲರ ಕಣ್ಣು ಶಾಂತವ್ವನ ಮೇಲಿರುತ್ತಿತ್ತು. ನಾನು ಒಮ್ಮೆ ಮಾವಶಿಯ ಕಡೆ ನೋಡಿದೆ. ಅವರು ಉಸುಕಿನ ರಾಶಿಯಲ್ಲಿನ ಕಲ್ಲು ಆರಿಸುತ್ತಿದ್ದರು. ನಿಮಗೆ ಏನೂ ಅನಿಸುವುದಿಲ್ಲವೇ ಎಂದು ಆ ದಿನ ಕೇಳಿದ್ದೆ. ಉತ್ತರ ಗೊತ್ತೇ ಇದೆ. ಕೆಲಸ ಮುಗಿಯಲಿ, ನಿಂತು ಹೇಳುತ್ತೇನೆ.

ಪಂಪಿನ ಮೊದಲ ಸ್ಲ್ಯಾಬ್ ನೇಸರಗಿಯಲ್ಲಿ. ಸಂತೆಯ ದಿನ ಅಲ್ಲದಿದ್ದರೂ ಸಂತೆಯಷ್ಟು ಜನ ಸೇರಿದ್ದರು. ಮಾವಶಿಯ ಗುಂಪಿಗೆ ಬರಬೇಡಿ ಎಂದು ಹೇಳಿಯಾಗಿತ್ತು. ಮನೆಯ ಅಜ್ಜಿ ಹಿತ್ತಾಳೆಯ ತಟ್ಟೆ ಹಿಡಿದು ಬಂದು, ಮೊದಲ ಬುಟ್ಟಿ ಎಲ್ಲಿ ಎಂದರು. ಬುಟ್ಟಿ ಇಲ್ಲ ಅಜ್ಜಿ, ಇನ್ನು ಮೇಲೆ ಇದೇ ಬುಟ್ಟಿ ಎಂದು ಈರಣ್ಣ ಯಂತ್ರದ ಅಗಲ ಬಾಯಿಯನ್ನು ಹೆಮ್ಮೆಯಿಂದ ತೋರಿಸಿದರು. ಪೂಜೆಗೆ ಚೆಂದ ಕಾಣಲೆಂದು ಅದರ ಮೇಲಿನ ಕಬ್ಬಿಣದ ಜಾಲರಿಯನ್ನೂ ತೆಗೆಸಿದ್ದರು. ಅಜ್ಜಿ ಕೈಮುಗಿದು ಇಡೀ ತಟ್ಟೆಯನ್ನು ಅದರೊಳಗೆ ಸುರಿದರು. ಕೊಂಬು, ಅಡಿಕೆ, ನಾಣ್ಯ, ಕಾಯಿಯ ಚೂರು, ಚಿಪ್ಪಿನ ಸಮೇತ. ಆಪರೇಟರ್ ಯಂತ್ರದ ಆಚೆ ಬದಿಯಲ್ಲಿದ್ದ. ಎಂಜಿನಿನ ಸದ್ದಿನಲ್ಲಿ ಅವನಿಗೆ ಏನೂ ತಿಳಿಯಲಿಲ್ಲ.

ಮೊದಲು ಎಲ್ಲ ಸರಿಯಾಗಿಯೇ ಇತ್ತು. ಪೈಪಿನ ತುದಿಯಿಂದ ಕಾಂಕ್ರೀಟ್ ಬಂದಾಗ ಜನ ಹೋ ಎಂದರು. ಮಾಳಿಗೆಯ ಅರ್ಧ ತುಂಬುವ ಹೊತ್ತಿಗೆ ಪೈಪು ಒಮ್ಮೆ ಹಾವಿನಂತೆ ಹೊರಳಿ, ನಡುಗಿ, ನಿಂತಿತು. ಎಲ್ಲಿ ಕಟ್ಟಿಕೊಂಡಿದೆ ಎಂದು ಆಪರೇಟರಿಗೂ ತಿಳಿಯಲಿಲ್ಲ. ಮೆಕ್ಯಾನಿಕ್ ಹುಬ್ಬಳ್ಳಿಯಿಂದ ಬರಬೇಕು. ಸ್ಲ್ಯಾಬ್ ಅರ್ಧಕ್ಕೆ ನಿಂತರೆ ಹಳೆಯದು ಹೊಸದು ಕೂಡುವಲ್ಲಿ ಮುಂದೆ ಮಳೆಗಾಲದಲ್ಲಿ ನೀರು ಇಳಿಯುತ್ತದೆ, ಅದನ್ನು ಮನೆಯವರು ಜೀವನವಿಡೀ ನೆನಪಿಡುತ್ತಾರೆ. ಈರಣ್ಣನವರ ಮುಖ ನೋಡಲು ಆಗುತ್ತಿರಲಿಲ್ಲ. ಕೊನೆಗೆ ಬೈಲಹೊಂಗಲಕ್ಕೆ ಫೋನ್ ಹೋಯಿತು.

ಮಾವಶಿಯ ಗುಂಪು ಟಂಟಂ ಗಾಡಿಯಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಬಂದಿತು. ಓಡಿಸುತ್ತಿದ್ದವನು ಗುಂಪಿನ ಮೆಹಬೂಬಿಯ ಗಂಡ. ಗಾಡಿ ನಿಂತಿತು, ಯಾರೂ ಇಳಿಯಲಿಲ್ಲ. ಮಾವಶಿ ಮುಂದಿನ ಸೀಟಿನಲ್ಲಿ ಕೂತೇ ಮಾತಾಡಿದರು.

"ಇಳೀತೇವಿ ಸಾವ್ಕಾರ್ರ. ಸ್ಲ್ಯಾಬ್ ಅರ್ಧಾ ಬಿಟ್ಟು ಹೋಗೂ ಮಂದಿ ಅಲ್ಲ ನಾವು. ಆದ್ರ ಆ ಮಿಷನ್ನಿನ ಹಿಡಿಕಿ ಹಿಡಿಯೂದು ನಮಗ ಕಲಿಸಬೇಕು."

"ಮಾವಶಿ, ಅದೇನು ರೊಟ್ಟಿ ಬಡದಂಗ ಅಂತ ತಿಳದಿಯೇನು?"

"ರೊಟ್ಟಿ ಬಡಿಯೂದು ನಿಮಗ ಬರತೈತೇನ್ರಿ?"

ಗಾಡಿಯೊಳಗೆ ನಗು ಎದ್ದಿತು. ಈರಣ್ಣ ಮಾಳಿಗೆಯ ಕಡೆ ನೋಡಿದರು, ಮೋಡದ ಕಡೆ ನೋಡಿದರು. "ಮದಲ ಇಳೀರಿ" ಎಂದರು.

"ಹೂಂ ಅನ್ರಿ."

"ಹೂಂ."

ಅವರು ಇಳಿದರು. ಹೊತ್ತು ಮುಳುಗುವುದರೊಳಗೆ ಸ್ಲ್ಯಾಬ್ ಮುಗಿಯಿತು. ಮರುದಿನ ಪೈಪು ಬಿಚ್ಚಿದಾಗ ಮೊಣಕೈಯಂತೆ ಬಾಗುವ ತಿರುವಿನಲ್ಲಿ ಕಾಯಿಯ ಚಿಪ್ಪು, ಅದರ ಹೊಟ್ಟೆಯಲ್ಲಿ ಅಡಿಕೆ, ಅರಿಷಿಣದ ಕೊಂಬು, ಎಲ್ಲ ಸಿಮೆಂಟಿನಲ್ಲಿ ಗಟ್ಟಿಯಾಗಿ ಒಂದು ಮುದ್ದೆಯಾಗಿ ಸಿಕ್ಕವು. ಅದನ್ನು ಮಾವಶಿ ಎತ್ತಿ ಹಿಡಿದು ನಕ್ಕದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಈರಣ್ಣ ಹೇಳುವ ಪ್ರಕಾರ ಮರುದಿನ ಮಾವಶಿ ಅಲ್ಲಿ ಇರಲೇ ಇಲ್ಲ, ಮುದ್ದೆಯನ್ನು ಎತ್ತಿ ಹಿಡಿದದ್ದು ತಾವು, ಮತ್ತು ಯಾರೂ ನಗಲಿಲ್ಲ. ಇರಬಹುದು. ಆ ಮುದ್ದೆ ಈಗಲೂ ಈರಣ್ಣನವರ ಆಫೀಸಿನ ಕಿಟಕಿಯಲ್ಲಿದೆ, ಕಾಗದ ಹಾರದಂತೆ ಇಡಲು ಬಳಸುತ್ತಾರೆ. ಅಷ್ಟು ಮಾತ್ರ ಖಚಿತ.

ಇಲ್ಲಿಂದ ಮುಂದೆ ಎಲ್ಲ ಸರಾಗವಾಯಿತು ಎಂದು ಬರೆದರೆ ಓದಲು ಚೆನ್ನ. ಆದರೆ ಹಾಗಾಗಲಿಲ್ಲ. ಆಪರೇಟರ್ ಕಲಿಸಲು ಒಪ್ಪಲಿಲ್ಲ. ಅವನಿಗೂ ಅದೇ ಹೊಟ್ಟೆಪಾಡಿನ ಪ್ರಶ್ನೆ, ಅವನನ್ನು ಬೈಯಲಾರೆ. ಹೆಂಗಸರು ಮುಟ್ಟಿದರೆ ನಾನು ಜವಾಬ್ದಾರನಲ್ಲ ಎಂದ. ಗೌಂಡಿಗಳು ಮಾವಶಿಯನ್ನು ಡ್ರೈವರ್ ಸಾಹೇಬ್ರು ಎಂದು ಕರೆದು ನಕ್ಕರು. ಮಾವಶಿ ಕೈ ಎತ್ತಿ ಸಲಾಮು ಹೊಡೆಯುತ್ತಿದ್ದರು. ಸ್ವಲ್ಪ ದಿನಕ್ಕೆ ನಗುವುದರಲ್ಲಿ ಮಜಾ ಉಳಿಯಲಿಲ್ಲ. ಯಂತ್ರದ ಬೆಲ್ಟಿಗೆ ಸೆರಗು ಸಿಕ್ಕರೆ ಗತಿ ಏನು ಎಂಬುದು ನಿಜವಾದ ಭಯ. ಅದಕ್ಕೆ ಅವರು ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಮೇಲಿನ ಅಂಗಿಯ ತುದಿಯನ್ನು ಒಳಗೆ ಸೇರಿಸಿ, ನನ್ನ ಮುಂದೆ ಒಂದು ಸುತ್ತು ತಿರುಗಿ, ಎಲ್ಲಾದರೂ ಜೋತುಬಿದ್ದಿದೆಯೇ ನೋಡಿ ಹೇಳಿ ಎಂದರು. ಬಿಸಿಲಿಗೆ ಹಿಡಿಕೆ ಕಾಯುತ್ತಿತ್ತು. ತಲೆಯ ಮೇಲೆ ಬುಟ್ಟಿಯ ಕೆಳಗೆ ಇಡುವ ಸಿಂಬಿಯನ್ನು ಬಿಚ್ಚಿ ಆ ಬಟ್ಟೆಯನ್ನು ಹಿಡಿಕೆಗೆ ಸುತ್ತಿದರು. ಆಪರೇಟರ್ ಅದನ್ನು ಬಿಚ್ಚಿ ಎಸೆದ, ಅವರು ಮತ್ತೆ ಸುತ್ತಿದರು. ಒಂದು ದಿನ ಅವನು ಊರಿಗೆ ಹೋದವನು ಹಿಂತಿರುಗಲಿಲ್ಲ. ಈರಣ್ಣನವರಿಗೆ ಬೇರೆ ದಾರಿಯೇ ಉಳಿಯಲಿಲ್ಲ. ಕಂಪನಿಯವರು ಫೋನಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಮಾವಶಿ ಮಾಡುತ್ತಿದ್ದರು. ಮೊದಲ ಸಲ ಹಿಡಿಕೆ ಎಳೆದಾಗ ಯಂತ್ರ ಹಿಂದಕ್ಕೆ ತಿರುಗಿ, ಬಾಯಿಯಲ್ಲಿದ್ದದ್ದೆಲ್ಲ ನಮ್ಮಿಬ್ಬರ ಮೇಲೆ ಉಗುಳಿತು.

ಇನ್ನೂ ಗಟ್ಟಿ ತೊಡಕು ಗುಂಪಿನೊಳಗೇ ಇತ್ತು. ಸಾಲಿಗೆ ಬೇಕಾಗುವಷ್ಟು ಕೈ ಯಂತ್ರಕ್ಕೆ ಬೇಡ. ಖಡಿ, ಅಂದರೆ ಜಲ್ಲಿ, ಮತ್ತು ಉಸುಕು ತುಂಬಲು, ಪೈಪು ಹಿಡಿಯಲು, ಮೇಲೆ ಹರಡಲು ಕೆಲವರು ಸಾಕು. ಉಳಿದವರು? ಮಾವಶಿ ಪಾಳಿ ಹಚ್ಚಿದರು, ಇವತ್ತು ಇವರು, ನಾಳೆ ಅವರು. ಕೈಯಿಂದ ಏರಿಸುವಾಗ ದಿನಕ್ಕೆ ಒಂದು ಮನೆ ಎಂದರೆ ಹೆಚ್ಚು, ಯಂತ್ರದಿಂದ ಮಧ್ಯಾಹ್ನಕ್ಕೆ ಒಂದು ಮುಗಿಸಿ ಇನ್ನೊಂದು ಊರಿಗೆ ಹೋಗಬಹುದು, ಮನೆಗಳು ಹೆಚ್ಚಾದರೆ ಪಾಳಿ ಬೇಗ ಬರುತ್ತದೆ ಎನ್ನುವುದು ಅವರ ವಾದ. ಮನೆಗಳು ಹೆಚ್ಚಾಗುವ ತನಕ ಏನು ತಿನ್ನುವುದು ಎನ್ನುವುದು ಶಾಂತವ್ವನ ವಾದ. ಇಬ್ಬರದೂ ಸರಿ. ಮುರಗೋಡದ ಮಠದ ಹೊರಗಿನ ಕಟ್ಟೆಯ ಮೇಲೆ ಕೂತು ಅವರು ಜಗಳಾಡಿದ್ದನ್ನು ಕೇಳಿದ್ದೇನೆ. ಹಿಡಿಕೆ ಸಿಕ್ಕ ಮೇಲೆ ನಿನಗೆ ಬುಟ್ಟಿಯ ಭಾರ ಮರೆತುಹೋಗಿದೆ ಎಂದು ಶಾಂತವ್ವ ಹೇಳಿದಳು. ಶಾಂತವ್ವ ಮತ್ತೆ ಕೆಲಸಕ್ಕೆ ಬರಲಿಲ್ಲ, ಅವಳ ಜೊತೆ ಇನ್ನೂ ಕೆಲವರು ಬಿಟ್ಟರು. ಪಂಪು ಅವರ ಕೈಯಿಂದ ಏನನ್ನೂ ಕಸಿಯಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಮನೆ ಕಟ್ಟಿಸುವವರ ಅನುಮಾನ ಬೇರೆ. ಪೈಪಿನಲ್ಲಿ ಹರಿದು ಬರಬೇಕಾದರೆ ಕಾಂಕ್ರೀಟ್ ತುಸು ತೆಳುವಿರಬೇಕು, ಖಡಿ ಸಣ್ಣದಿರಬೇಕು. ಅದನ್ನು ನೋಡಿದವರೆಲ್ಲ ಇದು ಕಾಂಕ್ರೀಟೋ ಅಂಬಲಿಯೋ ಎನ್ನುತ್ತಿದ್ದರು. ರಾಮದುರ್ಗದಲ್ಲಿ ನಿವೃತ್ತ ಮಾಸ್ತರರೊಬ್ಬರು ತಮ್ಮ ಮನೆಗೆ ಪಂಪು ಬೇಡವೇ ಬೇಡ ಎಂದರು. ನಾನು ಗಟ್ಟಿತನದ ಪರೀಕ್ಷೆಯ ಕಾಗದ ತೋರಿಸಿದೆ. ಅವರು ಅದರಲ್ಲಿನ ಕಾಗುಣಿತ ತಿದ್ದಿ ವಾಪಸ್ ಕೊಟ್ಟರು. ಮಾವಶಿ ಮಾಸ್ತರರ ಹೆಂಡತಿಯ ಹತ್ತಿರ ಹೋಗಿ ಕೂತರು. ಆ ತಾಯಿಯ ಚಿಂತೆ ತೆಳು ಗಟ್ಟಿಯದಲ್ಲ ಎಂದು ಆಗ ತಿಳಿಯಿತು. ಮೊದಲ ಬುಟ್ಟಿ ಇಲ್ಲದ, ಉಡಿ ತುಂಬದ ಮಾಳಿಗೆಯ ಕೆಳಗೆ ಮಗಳ ಬಾಣಂತನ ಹೇಗೆ ಮಾಡಲಿ ಎಂಬುದು ಅವರ ಪ್ರಶ್ನೆ. ನೇಸರಗಿಯ ಕಥೆಯೂ ಅವರ ಕಿವಿಗೆ ಬಿದ್ದಿತ್ತು. ದೇವರಿಗೆ ಇಟ್ಟದ್ದನ್ನು ಯಂತ್ರ ಅಡ್ಡ ಹಾಕಿತಂತೆ ಎಂದು.

ಅಲ್ಲಿ ಹುಟ್ಟಿದ ಏರ್ಪಾಡು ಈಗ ನಾಲ್ಕೂ ತಾಲೂಕಿನಲ್ಲಿ ನಡೆಯುತ್ತದೆ. ಮೊದಲ ಬುಟ್ಟಿಯನ್ನು ಕೈಯಿಂದಲೇ ತುಂಬಿ, ಉಡಿ ತುಂಬಿಸಿಕೊಂಡ ಹೆಂಗಸೊಬ್ಬಳು ತಲೆಯ ಮೇಲೆ ಹೊತ್ತು ಏಣಿ ಏರಿ ಮೂಲೆಯಲ್ಲಿ ಸುರಿಯುತ್ತಾಳೆ. ಕಾಯಿಯನ್ನು ಯಂತ್ರದ ಗಾಲಿಯ ಪಕ್ಕದ ನೆಲದಲ್ಲಿ ಒಡೆಯುತ್ತಾರೆ. ಯಂತ್ರದ ಬಾಯಿಗೆ ಜಾಲರಿ, ಅದರ ಮೇಲೆ ಕುಂಕುಮದ ಬೊಟ್ಟು ಮಾತ್ರ. ಆಮೇಲೆ ಹಿಡಿಕೆ. ಇದನ್ನು ಯೋಚಿಸಿದ್ದು ತಾವು ಎನ್ನುತ್ತಾರೆ ಈರಣ್ಣ. ಮಾಸ್ತರರ ಹೆಂಡತಿ ಎನ್ನುತ್ತಾರೆ ಮಾವಶಿ. ನಾನು ಎಂದು ನನಗೂ ಒಮ್ಮೊಮ್ಮೆ ಅನಿಸುತ್ತದೆ. ಯಾರಾದರೂ ಇರಲಿ, ಬುಟ್ಟಿ ಹೊರುವಾಗ ಮಾವಶಿ ಮಾತ್ರ ಮೊದಲಿನಂತೆಯೇ ಯಂತ್ರದ ಮರೆಗೆ ಸರಿಯುತ್ತಿದ್ದರು. ಹಿಡಿಕೆಯ ಮೊದಲ ಎಳೆತಕ್ಕೆ ಕೂಡ ಮೆಹಬೂಬಿಯನ್ನು ನಿಲ್ಲಿಸಿ, ಕಾಂಕ್ರೀಟ್ ಏರತೊಡಗಿದ ಮೇಲೆ ತಾವು ಬಂದು ಹಿಡಿಯುತ್ತಿದ್ದರು. ಯಂತ್ರ ಹೊಸದಾಗಿತ್ತು, ಆ ಹೆಜ್ಜೆ ಹಳೆಯದು.

ಅವರು ತಪ್ಪು ಮಾಡುತ್ತಿರಲಿಲ್ಲ ಎಂದಲ್ಲ. ಸವದತ್ತಿಯಲ್ಲಿ ಮಾಡಿದ್ದು ದೊಡ್ಡ ತಪ್ಪು. ಸ್ಲ್ಯಾಬ್ ಮುಗಿದ ಕೂಡಲೇ ಮನೆಯವರು ಎಲೆ ಹಾಕುತ್ತಾರೆ. ಎಲೆ ಹಾಕಿದ ಮೇಲೆ ಕಾಯಿಸುವುದು ಅಪಮಾನ. ಅವತ್ತು ಗೋಧಿ ಹುಗ್ಗಿ. ಬಡಿಸುವವರು ಕರೆದರು, ಮಾವಶಿ ಪೈಪು ತೊಳೆಸದೆ ಎಲ್ಲರನ್ನೂ ಕರೆದುಕೊಂಡು ಕೂತರು. ಹುಗ್ಗಿಯ ಮೇಲೆ ತುಪ್ಪ, ಮೇಲೆ ಇನ್ನಷ್ಟು ಹುಗ್ಗಿ, ಅದರ ಮೇಲೆ ಎಲೆ ಅಡಿಕೆ. ಅಷ್ಟರಲ್ಲಿ ಬಿಸಿಲಿಗೆ ಪೈಪಿನೊಳಗಿನ ಕಾಂಕ್ರೀಟ್ ಕಲ್ಲಾಯಿತು. ಈರಣ್ಣ ಬಂದು ಕೂಗಾಡಿದರು. ಮಾವಶಿ ಸುತ್ತಿಗೆ ಹಿಡಿದು, ಒಂದೊಂದು ಪೈಪನ್ನು ತಟ್ಟಿ, ಕಿವಿಗೊಟ್ಟು, ಇದು ಉಳಿಯುತ್ತದೆ, ಇದು ಸತ್ತಿದೆ ಎಂದು ಬೇರೆ ಮಾಡುತ್ತಾ ಕೂತರು. ಮೆಹಬೂಬಿ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಪೈಪಿನ ಸದ್ದು ಓದುವುದನ್ನು ಅವರಿಬ್ಬರೂ ಕಲಿತದ್ದು ಆ ಹುಗ್ಗಿಯ ದಯೆಯಿಂದ. ಅಂದಿನಿಂದ ಅವರ ಕಟ್ಟಳೆ: "ಮದಲ ಪೈಪ ಬಾಯಿ ತೊಳಕೊಳ್ಳಲಿ, ಆಮ್ಯಾಲ ನಾವು ಉಣ್ಣೂದು." ಎಂಥ ದೊಡ್ಡ ಮನೆಯವರು ಎಲೆ ಹಾಕಿ ಕರೆದರೂ ಸರಿ, ನೀರು ತಿಳಿಯಾಗಿ ಬರುವ ತನಕ ಯಾರೂ ಕೈ ತೊಳೆಯುತ್ತಿರಲಿಲ್ಲ. ಕೆಲವರಿಗೆ ಸಿಟ್ಟು ಬಂತು. ಈಗ ಬಡಿಸುವವರೇ ಮೊದಲು ಪೈಪಿನ ಕಡೆ ನೋಡುತ್ತಾರೆ.

ನಾನು ಆಮೇಲೆ ಈರಣ್ಣನವರ ಕೆಲಸ ಬಿಟ್ಟೆ. ಮಾವಶಿಯ ಬಗ್ಗೆ ನನಗೆ ಗೊತ್ತಿರುವುದು ಇಂಥ ತುಂಡುಗಳು ಮಾತ್ರ. ಅವರು ಬೆರಳು ತೋರಿಸದೆ ಗದ್ದ ತೋರಿಸಿ ದಾರಿ ಹೇಳುತ್ತಿದ್ದರು. ಹೊಸ ಮನೆಯ ಕಂಬವನ್ನು ದಾಟುವಾಗ ಅದನ್ನು ಅಂಗೈಯಿಂದ ಒಮ್ಮೆ ತಟ್ಟುತ್ತಿದ್ದರು. ದಣಿವಾಗಿದೆಯೇ ಎಂದು ಕೇಳಿದವರಿಗೆ ತುಂಬಿದ ಬುಟ್ಟಿ ಕೊಟ್ಟು, ನೀನೇ ನೋಡು ಎನ್ನುತ್ತಿದ್ದರು. ಇವನ್ನು ಸೇರಿಸಿದರೆ ಒಬ್ಬ ಹೆಂಗಸು ಆಗುತ್ತಾಳೋ ಇಲ್ಲವೋ ತಿಳಿಯದು. ಆ ಅನುಮಾನ ಇಟ್ಟುಕೊಂಡೇ ಸಾಲಹಳ್ಳಿಗೆ ಹೋದೆ.

ಮಾವಶಿ ಹೊಸ ಸೀರೆಯಲ್ಲಿದ್ದರು, ಮೇಲೆ ಅಂಗಿ ಇರಲಿಲ್ಲ. ಕೈ ಎಲ್ಲಿಡಬೇಕೆಂದು ತೋಚದೆ ಚಹಾದ ಲೋಟ ಹಿಡಿದಿದ್ದರು, ಅದು ಖಾಲಿಯಾಗಿತ್ತು. ಎರಡು ಕೋಣೆಯ ಮನೆ. ಮುಂದೆ ಅದೇ ಹಳೆಯ ಪಂಪು. ಅದನ್ನು ಈಗ ಈರಣ್ಣನವರಿಂದ ಗುಂಪೇ ಬಾಡಿಗೆಗೆ ಪಡೆದು ನಡೆಸುತ್ತದಂತೆ. ಹಿಡಿಕೆಗೆ ಹಳೆಯ ಸೀರೆಯ ಬಟ್ಟೆ ಸುತ್ತಿತ್ತು. ಅಲ್ಲಿ ಮೆಹಬೂಬಿ ನಿಂತಿದ್ದಳು. ಪೈಪು ಹಿಡಿಯುವವರಲ್ಲಿ ನನಗೆ ಗೊತ್ತಿಲ್ಲದ ಮುಖಗಳೇ ಹೆಚ್ಚು. ಊಟಕ್ಕೆ ಬಂದವರ ನಡುವೆ ಶಾಂತವ್ವ ಕೂತಿದ್ದಳು.

ತಟ್ಟೆ ಬಂತು. ಖಣ, ಅಕ್ಕಿ, ಕೊಬ್ಬರಿ. ತಟ್ಟೆ ಹಿಡಿದ ಪಕ್ಕದ ಮನೆಯ ಮುದುಕಿ ಸುತ್ತ ನೋಡಿ, ಮುತ್ತೈದೆ ಸೊಸೆಯನ್ನು ಕರೆಯಿರಿ, ಅವಳು ಉಡಿ ತುಂಬಲಿ ಎಂದಳು. ಮಾವಶಿಯ ಸೊಸೆ ಮುಂದೆ ಬಂದಳು. ಮಾವಶಿ ಲೋಟ ಕೆಳಗಿಟ್ಟರು.

"ಈ ಮನಿ ಯಾರದು ಯವ್ವಾ?"

"ನಿಂದ" ಎಂದಳು ಮುದುಕಿ.

"ಹಂಗಾರ ತಟ್ಟಿ ಇತ್ಲಾಗ ಕೊಡು."

ಮುದುಕಿ ಏನೋ ಗೊಣಗಿದಳು. ಮಾವಶಿ ತಟ್ಟೆ ತೆಗೆದುಕೊಂಡಾಗಿತ್ತು. ಮೆಹಬೂಬಿ ಕೈಯಲ್ಲಿನ ಸಿಮೆಂಟನ್ನು ಒರೆಸಿಕೊಂಡು ಸೆರಗು ಒಡ್ಡಿದಳು. ಮಾವಶಿ ಬುಟ್ಟಿಗೆ ಖಡಿ ತುಂಬುವಷ್ಟೇ ಚುರುಕಾಗಿ ಉಡಿ ತುಂಬಿದರು.

ಮೆಹಬೂಬಿ ತಲೆ ಎತ್ತಿ, "ಉಡಿ ನೀವು ತುಂಬಿದ್ರಿ, ಮದಲ ಬುಟ್ಟಿನೂ ಇವತ್ತ ನೀವ ಹೊರ್ರಿ ಮಾವಶಿ" ಎಂದಳು. ಶಾಂತವ್ವ ಇತ್ತ ನೋಡಿದಳು.

"ಮನಿ ಮಾಲಕರು ಎಲ್ಲೆರೆ ಬುಟ್ಟಿ ಹೊರತಾರೇನ ಹುಚ್ಚಿ? ನಡಿ, ಹೊರು."

ನಗುವಿನ ನಡುವೆ ಮೆಹಬೂಬಿ ಬುಟ್ಟಿ ಹೊತ್ತು ಏಣಿ ಏರಿದಳು. ಮಾವಶಿ ಯಂತ್ರದ ಮರೆಗೆ ಸರಿಯಲಿಲ್ಲ. ಅಂಗಳದ ನಡುವೆ ನಿಂತು, ಬುಟ್ಟಿ ಮೂಲೆಯಲ್ಲಿ ಬೀಳುವುದನ್ನು ಕತ್ತೆತ್ತಿ ನೋಡಿದರು.

ಆಮೇಲೆ ಯಂತ್ರ ಹೊರಟಿತು. ಸ್ವಲ್ಪ ಹೊತ್ತಿಗೆ ಪೈಪು ನಡುಗಿ ನಿಂತಿತು. ಎಲ್ಲರ ಮುಖ ಮಾವಶಿಯ ಕಡೆ ತಿರುಗಿತು. ಅವರು ಒಂದು ಹೆಜ್ಜೆ ಇಟ್ಟರು, ಮತ್ತೆ ಹಿಂದಕ್ಕೆ ಬಂದು, ಸೆರಗನ್ನು ಸೊಂಟಕ್ಕೆ ಬಿಗಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನನ್ನ ಪಕ್ಕದಲ್ಲಿ ನಿಂತರು. ಮೆಹಬೂಬಿ ಸುತ್ತಿಗೆಯಿಂದ ಪೈಪನ್ನು ತಟ್ಟುತ್ತಾ, ಕಿವಿಗೊಡುತ್ತಾ ನಡೆಯುತ್ತಿದ್ದಳು.

"ಈಗ ನಿಂತೇನಿ ನೋಡ್ರಿ ಇಂಜಿನೇರ್ರ" ಎಂದರು ಮಾವಶಿ, ಕಣ್ಣು ಮೆಹಬೂಬಿಯ ಕೈಯ ಮೇಲೆಯೇ. "ಏನೇನೋ ಕೇಳೂದಿತ್ತಲ್ಲ ನಿಮ್ದು. ಕೇಳ್ರಿ."

ಅಷ್ಟು ವರ್ಷ ಕೂಡಿಟ್ಟ ಪ್ರಶ್ನೆಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಕೆಲಸ ಯಾಕೆ ಬಿಟ್ಟಿರಿ ಎಂಬುದೂ ಕೇಳುವಂಥದ್ದಾಗಿ ಉಳಿದಿರಲಿಲ್ಲ, ಅದರ ಉತ್ತರ ಎದುರಿಗೆ ಪೈಪು ತಟ್ಟುತ್ತಾ ನಡೆಯುತ್ತಿತ್ತು. ತಿರುವಿನ ಹತ್ತಿರ ಮೆಹಬೂಬಿ ನಿಂತಳು, ಮತ್ತೊಮ್ಮೆ ತಟ್ಟಿದಳು, ಓಡಿ ಬಂದು ಯಂತ್ರವನ್ನು ಹಿಂದಕ್ಕೆ ತಿರುಗಿಸಿದಳು, ಮುಂದಕ್ಕೆ ಬಿಟ್ಟಳು. ಪೈಪು ಕೆಮ್ಮಿತು. ಮೇಲಿನಿಂದ ಯಾರೋ ಬಂತು ಎಂದು ಕೂಗಿದರು. ಮಾವಶಿ ಬೆನ್ನ ಹಿಂದಿನ ಕೈ ಬಿಟ್ಟರು.

ಮಧ್ಯಾಹ್ನಕ್ಕೆ ಸ್ಲ್ಯಾಬ್ ಮುಗಿಯಿತು. ಎಲೆ ಹಾಕಿದರು, ಹುಗ್ಗಿಯ ಪಾತ್ರೆ ಬಂತು, ಹೊಸ ಮನೆಯ ಮಾಲಕರು ತುಪ್ಪದ ಸೌಟು ಹಿಡಿದು ನಿಂತರು. ಯಾರೂ ಕೂರಲಿಲ್ಲ. ಪೈಪಿನೊಳಗೆ ನೀರು ಬಿಟ್ಟಿದ್ದರು, ತುದಿಯಿಂದ ಬೂದಿ ಬಣ್ಣದ ನೀರು ಬರುತ್ತಿತ್ತು. ಹಸಿದ ಮಂದಿಯೆಲ್ಲ ಆ ತುದಿಯನ್ನೇ ನೋಡುತ್ತಿದ್ದರು. ಮಾವಶಿ ಒಮ್ಮೆ ಬಾಯಿ ತೆರೆದರು, ಮತ್ತೆ ಮುಚ್ಚಿದರು. ನೀರು ತಿಳಿಯಾಯಿತು. ಮೆಹಬೂಬಿ ಅದನ್ನು ಬೊಗಸೆಯಲ್ಲಿ ಹಿಡಿದು ನೋಡಿ, ಚೆಲ್ಲಿ, ಉಡಿಯಲ್ಲಿದ್ದ ಅಕ್ಕಿ ಬೀಳದಂತೆ ಸೆರಗು ಬಿಗಿದುಕೊಂಡು ಹೇಳಿದಳು:

"ಹಾಂ ಮಾವಶಿ, ಈಗ ಬಡಸ್ರಿ."